ಹಸಿರು ಜೀಪು

ಮಾರ್ಚ್ ೯, ಸೋಮವಾರ

ಗಾಡಿ ಆರಿಸಿ ಬಂದೆ. ಆರಿಸಿದೆ ಅನ್ನುವುದೂ ಸುಳ್ಳು, ಬೇರೆ ದಾರಿಯೇ ಇರಲಿಲ್ಲ.

ಗುಡ್ಡದ ಮೇಲಿನ ಹೆರಿಗೆಗಳಿಗೆ ಓಡುವ ನನ್ನಂಥ ನರ್ಸಿಗೆ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಆಗಬೇಕು. ಮೆಕ್ಯಾನಿಕ್ ಶೆಡ್ಡಿನಲ್ಲಿ ಹೊರದೇಶದಿಂದ ಬಂದ ಎರಡು ಹಳೆಯ ಜೀಪುಗಳಿದ್ದವು, ಒಂದು ಬಿಳಿ, ಒಂದು ಹಸಿರು. ನಾನು ನೇರವಾಗಿ ಬಿಳಿಯದರ ಹತ್ತಿರ ಹೋದೆ. ನಮ್ಮ ಮನೆಯವರು ಕಂದಕಕ್ಕೆ ಉರುಳಿದ್ದು ಅಂಥದೇ ಹಸಿರು ಜೀಪಿನಲ್ಲಿ.

"ಬಿಳೀದು ನೋಡೋಕೆ ಚೆಂದ ಅಕ್ಕಾ. ಆದ್ರೆ ಒಂದು ಬೇರಿಂಗ್ ಹೋದ್ರೆ ತಿಂಗಳುಗಟ್ಟಲೆ ಕಾಯ್ಬೇಕು. ಹಸಿರು ಗಾಡಿಗಾದ್ರೆ ಪಾರ್ಟ್ಸು ಎಲ್ಲಿ ಬೇಕಾದ್ರೂ ಸಿಗುತ್ತೆ" ಎಂದ ಮೆಕ್ಯಾನಿಕ್.

"ಬೇರೆ ಯಾವುದೂ ಇಲ್ವಾ?"

"ಇದ್ದಿದ್ರೆ ನಿಮಗೆ ಇದನ್ನ ತೋರಿಸ್ತಿದ್ನಾ?" ಎಂದು ಅವನು ಮುಖ ತಿರುಗಿಸಿದ. ಅವತ್ತು ನಮ್ಮ ಮನೆಯವರನ್ನು ಕಂದಕದಿಂದ ಮೇಲಕ್ಕೆತ್ತಿದವರಲ್ಲಿ ಅವನೂ ಇದ್ದ.

ಬಿಡಿಭಾಗ ಸಿಗದೆ ನನ್ನ ಹಳೆಯ ಗಾಡಿ ನಿಂತಿದ್ದಾಗಲೇ, ನಾನು ತಲುಪುವುದು ತಡವಾಗಿ, ಮೇಲಿನ ಕಲ್ಲು ಕ್ವಾರಿಯ ಹುಡುಗಿಯ ಮಗು ಉಳಿಯಲಿಲ್ಲ. ಕಣ್ಣು ಮುಚ್ಚಿ ಹಸಿರಿಗೇ ಹೂಂ ಅಂದೆ.

ಊಟಕ್ಕೆ ಕೂತಾಗ ಅತ್ತೆ ಕೇಳಿದರು, "ಗಾಡಿ ಸಿಕ್ತೇನೇ?"

"ಸಿಕ್ತು, ಗಟ್ಟಿಮುಟ್ಟಾಗಿದೆ."

"ನನ್ನ ಮಗನ್ನ ತಿಂದ ಜಾತೀದೊಂದು ಬಿಟ್ಟು ಯಾವುದಾದ್ರೂ ಸರಿ ಕಣಮ್ಮ."

ನೀರಿನ ಲೋಟವನ್ನು ಅವರ ಕಡೆ ಸರಿಸಿದೆ. ಬೆಳಗಾದರೆ ಆ ಹಸಿರು ಜೀಪು ಬಾಗಿಲಿಗೆ ಬಂದು ನಿಲ್ಲುತ್ತದೆ. ಅತ್ತೆ ಆಗಲೇ ಮಲಗಿದ್ದಾರೆ. ಎಬ್ಬಿಸಿ ಹೇಳಿಬಿಡಲೇ, ಇಲ್ಲಾ ಬೆಳಗ್ಗೆ ಅವರೇ ನೋಡಲಿ ಎಂದು ಬಿಡಲೇ?