ಗೇರ್‌ಬಾಕ್ಸ್ ತಣಿಯುವವರೆಗೆ

ಮಾರ್ಚ್ 4, ಬೆಳಿಗ್ಗೆ

ರಜೆ ಮುಗಿಸಿ ಕೆಲಸಕ್ಕೆ. ಎಡಗಡೆಯ ಹೊಸ ಕೃತಕ ಕಾಲು ಇನ್ನೂ ಹೊಂದಿಕೊಂಡಿಲ್ಲ, ಮೊಣಕಾಲ ಕೆಳಗೆ ಉಜ್ಜುತ್ತಿದೆ. ಎಂದಿನಂತೆ ಮೊದಲು, ನಾನು ಓಡಿಸುವ ಕಚೇರಿ ಗಾಡಿಯ ಬಾನೆಟ್ ಎತ್ತಿ ಗೇರ್ ಆಯಿಲ್ ಕಡ್ಡಿ ಎಳೆದು ನೋಡಿದೆ. ಕೆಂಪಗಿರಬೇಕಾದ ಎಣ್ಣೆ ಕಂದು ಬಣ್ಣಕ್ಕೆ ತಿರುಗಿದೆ. ಸೀದ ವಾಸನೆ. ಎಣ್ಣೆ ತಣಿಸುವ ಆಯಿಲ್ ಕೂಲರ್ ಮುಂದೆ ಕೆಸರು ಗಿಲಾವು ಮಾಡಿದ ಹಾಗೆ ಮೆತ್ತಿಕೊಂಡಿದೆ — ಗಾಳಿ ಆಡಲು ಜಾಗವೇ ಇಲ್ಲ.

ನಾನಿಲ್ಲದಾಗ ಓಡಿಸಿದವನು ಇದೇ ಕಚೇರಿಯಲ್ಲಿರುವ ನನ್ನ ತಮ್ಮ. ಕೇಳಿದೆ. ಏನೂ ಆಗಿಲ್ಲ, ಚೆನ್ನಾಗೇ ಓಡಿತು ಎಂದ. ಮುಖ ನೋಡಲಿಲ್ಲ. ಮತ್ತೆ ಕೇಳಲಿಲ್ಲ.

ಅದೇ ದಿನ, ಸಂಜೆ

ಮೆಕ್ಯಾನಿಕ್ ಹತ್ತಿರ ಒಯ್ದೆ. ಎಲ್ಲರೂ ಅವರನ್ನು ಡಾಕ್ಟ್ರು ಎನ್ನುತ್ತಾರೆ, ಗಾಡಿಗೆ ಕಿವಿ ಹಚ್ಚಿ ಕೇಳುವುದಕ್ಕೆ. ದಿಬ್ಬ ಹತ್ತುವಾಗ ಲೋ ರೇಂಜಿಗೆ, ನಿಧಾನಕ್ಕೆ ಎಳೆಯುವ ಗೇರಿಗೆ, ಹಾಕಿಲ್ಲ, ಒಳಗೆಲ್ಲ ಬೆಂದಿದೆ ಎಂದರು. ಎಣ್ಣೆ ಬದಲಾಯಿಸಿದರು, ಕೂಲರ್ ತೊಳೆದರು.

"ಇನ್ನು ಸ್ವಲ್ಪ ದಿನ ಬರುತ್ತೆ. ಬಿಸಿ ಆಗೋಕೆ ಮಾತ್ರ ಬಿಡ್ಬೇಡಿ."

ಯಾರು ಓಡಿಸಿದ್ದು ಎಂದು ಕೇಳಿದರು. ದಿಬ್ಬ ಕೆಟ್ಟದ್ದು ಎಂದೆ.

ಮಾರ್ಚ್ 9

ಸಾಹೇಬರು ಕರೆದರು. ನಮ್ಮದು ನದಿಯ ನೀರು ಅಳೆಯುವ ಕಚೇರಿ; ಅಳೆಯುವ ಕೇಂದ್ರ ದಿಬ್ಬದ ಆಚೆ, ಕಣಿವೆಯಲ್ಲಿ. ಅಲ್ಲಿಗೆ ಸಾಮಾನು, ಜನ ಒಯ್ಯುವ ಗಾಡಿ ಇದೊಂದೇ. ಇದರ ಗೇರ್‌ಬಾಕ್ಸ್ ನಂಬುವ ಹಾಗಿಲ್ಲ, ಹೊಸದಕ್ಕೆ ಬರೆದಿದ್ದೇನೆ ಎಂದರು. ಈ ಸಲ ಆಟೋಮ್ಯಾಟಿಕ್ ಅಲ್ಲ, ಎಡಗಾಲಲ್ಲಿ ಒತ್ತುವ ಕ್ಲಚ್ ಇರುವುದು. ಪೆನ್ನು ನೋಡುತ್ತ ಹೇಳಿದರು.

"ಓಡಿಸೋಕೆ ನಿಮ್ಮ ತಮ್ಮ ಇದ್ದಾನಲ್ಲ. ನಿಮಗೆ ಸ್ಟೋರ್‌ನಲ್ಲಿ ಏನಾದ್ರೂ ನೋಡೋಣ."

ಸರಿ ಸಾರ್ ಎಂದೆ.

ಮನೆಯಲ್ಲಿ ತಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. ಹೇಳಿದರೆ ಅವನ ಕೆಲಸ ಹೋಗುತ್ತದೆ. ಹೇಳದಿದ್ದರೆ ನನ್ನದು. ಇಬ್ಬರಿಗೂ ಯಾಕೆ ಊಟ ಸೇರುತ್ತಿಲ್ಲ ಎಂದು ಅಮ್ಮ ಕೇಳಿದಳು. ಸೆಕೆ ಎಂದೆ.

ಮಾರ್ಚ್ 23, ಆಸ್ಪತ್ರೆ ವರಾಂಡ

ನಿನ್ನೆಯದು. ಮಧ್ಯಾಹ್ನ ಕಣಿವೆಯಿಂದ ಸುದ್ದಿ ಬಂತು: ಅಲ್ಲಿ ಡ್ಯೂಟಿಯಲ್ಲಿದ್ದ ತಮ್ಮನಿಗೆ ಹೊಟ್ಟೆನೋವು, ನೆಟ್ಟಗೆ ನಿಲ್ಲಲೂ ಆಗುತ್ತಿಲ್ಲ. ಹೋದೆ. ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟೆ. ಮೈ ಕೆಂಡ.

ದಿಬ್ಬದ ಬುಡದಲ್ಲೇ ಲೋ ರೇಂಜಿಗೆ ಹಾಕಿದ್ದೆ. ಆದರೂ ಅರ್ಧ ಹತ್ತುವಷ್ಟರಲ್ಲಿ ಗೇರ್ ಎಣ್ಣೆಯ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಬಂತು. ಚಕ್ರ ಜಾರುತ್ತಿರಲಿಲ್ಲ, ಗೇರ್ ಜಾರುತ್ತಿತ್ತು. ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್. ಪಾರ್ಕ್‌ಗೆ ಹಾಕಿ, ಎಂಜಿನ್ ಓಡುತ್ತಲೇ ಇರಲಿ ಎಂದು ಬಿಟ್ಟು, ಆಕ್ಸಿಲರೇಟರ್ ಚೂರು ಒತ್ತಿ ಹಿಡಿದೆ. ಎಂಜಿನ್ ಆರಿಸಿದರೆ ಎಣ್ಣೆ ಇದ್ದಲ್ಲೇ ನಿಂತು ಬೇಯುತ್ತದೆ. ಓಡುತ್ತಿದ್ದರೆ ಕೂಲರ್ ಸುತ್ತಿ ಬರುತ್ತದೆ.

"ಅಕ್ಕ, ನಿಲ್ಲಿಸ್ಬೇಡ. ಹೋಗು."

"ಈಗ ಹೋದ್ರೆ ಮೇಲೆ ಪೂರ್ತಿ ಕೈ ಕೊಡುತ್ತೆ. ಆಮೇಲೆ ನಿನ್ನನ್ನ ಹೊತ್ಕೊಂಡು ಹೋಗೋರು ಯಾರು?"

ಸ್ವಲ್ಪ ಹೊತ್ತು ನರಳಿದ. ಆಮೇಲೆ:

"ಅವತ್ತು ನಾನು ನಿಲ್ಲಿಸ್ಲಿಲ್ಲ. ಮುಳ್ಳು ಕೆಂಪಿಗೆ ಹೋಗಿದ್ದು ನೋಡ್ದೆ. ಆದ್ರೂ ಹತ್ತಿಸ್ದೆ."

"ಗೊತ್ತು."

"ಮತ್ತೆ ಸಾಹೇಬ್ರಿಗೆ ಯಾಕೆ ಹೇಳ್ಲಿಲ್ಲ?"

"ಸುಮ್ನೆ ಮಲ್ಕೋ."

ಮುಳ್ಳು ಇಳಿಯುವುದನ್ನೇ ನೋಡುತ್ತ ಕೂತೆ. ಅವನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಹೊರಟುಬಿಡುತ್ತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕೆಂಪು ದಾಟಿ ಕೆಳಗೆ ಬಂತು. ಇನ್ನೂ ಸ್ವಲ್ಪ ಇಳಿಯಲಿ ಎಂದು ಕಾದೆ. ಆಮೇಲೆ ಹತ್ತಿಸಿದೆ. ಹತ್ತಿತು.

ಅಪೆಂಡಿಕ್ಸ್ ಒಡೆದಿತ್ತಂತೆ. ಆಪರೇಷನ್ ಆಯಿತು. ಉಳಿಯುತ್ತಾನೆ ಎಂದರು ಡಾಕ್ಟರ್. ಅಮ್ಮ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾಳೆ.

ಏಪ್ರಿಲ್ 2

ತಮ್ಮ ಮಲಗಿದ್ದಲ್ಲಿಂದಲೇ ಸಾಹೇಬರಿಗೆ ಎಲ್ಲ ಹೇಳಿಬಿಟ್ಟಿದ್ದಾನೆ. ಕರೆಸಿ ಕೇಳಿದರು, ಯಾಕೆ ಮುಚ್ಚಿಟ್ಟಿರಿ ಎಂದು.

"ಗೇರ್‌ಬಾಕ್ಸ್ ಬೆಂದಿದೆ ಅಂತ ಹೇಳಿದ್ದೆ ಸಾರ್. ಯಾರಿಂದ ಅಂತ ನೀವು ಕೇಳ್ಲಿಲ್ಲ."

ಹೊಸ ಗಾಡಿ ಬಂದೇ ಬರುತ್ತದಂತೆ, ತಡೆಯಲಾಗದು. ಆದರೆ ಹಳೆಯದನ್ನು ಮಾರುವುದಿಲ್ಲ. ಗೇರ್‌ಬಾಕ್ಸ್ ಬಿಚ್ಚಿ ರಿಪೇರಿ ಮಾಡಿಸುತ್ತಾರೆ, ಅದು ನನಗೆ. ತಮ್ಮನಿಗೆ ಬೈಗುಳ ಮಾತ್ರ, ಕೆಲಸ ಉಳಿಯಿತು.

ಖುಷಿಯಾಗಬೇಕಿತ್ತು. ಮೆಕ್ಯಾನಿಕ್ ಡಾಕ್ಟ್ರ ಶೆಡ್ಡಿಗೆ ಹೋಗಿ, ದೊಡ್ಡ ಕೂಲರ್ ಕೂರಿಸಲು ಗ್ರಿಲ್ ಹಿಂದೆ ಜಾಗ ಸಾಕೇ ಎಂದು ಅಳೆದು ಬಂದೆ.

ಮೇ 11

ಹೊಸ ಗಾಡಿ ಬಂತು. ತಮ್ಮ ಅದನ್ನು ಮುಟ್ಟುವುದಿಲ್ಲ ಎಂದು ಹಠ ಹಿಡಿದ. ಅದು ನಿನ್ನ ಜಾಗ ಎಂದ. ಸಿಟ್ಟು ಬಂತು.

"ನನ್ನ ಜಾಗದಲ್ಲಿ ಮೂರು ಪೆಡಲ್ ಇರಲ್ಲ ಕಣೋ. ನಿಂಗೆ ಬಂದಿದ್ದನ್ನ ನೀನು ಓಡಿಸು. ಕನಿಕರ ಈ ಮನೇಲಿ ಬೇಕಾದಷ್ಟಿದೆ, ನೀನೂ ಹೊತ್ಕೊಂಡು ಬರ್ಬೇಡ."

ಒಳಗೆ ಅಮ್ಮ ನಲ್ಲಿ ನಿಲ್ಲಿಸಿದಳು. ಆಮೇಲೆ ಮತ್ತೆ ತಿರುಗಿಸಿದಳು.

ಜೂನ್ 18

ಎರಡೂ ಗಾಡಿ ತುಂಬಿಸಿ ಕಣಿವೆಗೆ. ತಮ್ಮ ಮುಂದೆ, ನಾನು ಹಿಂದೆ. ದಿಬ್ಬದ ಅರ್ಧಕ್ಕೆ ಅವನ ಬ್ರೇಕ್ ಲೈಟ್ ಹತ್ತಿತು. ಪಂಕ್ಚರ್ ಇರಬೇಕು ಎಂದುಕೊಂಡೆ. ಇಳಿದು ಬಂದ. ಏನಾಯಿತು ಎಂದು ಕೇಳಿದೆ.

"ಏನಿಲ್ಲ. ನಿಂದು ತಣ್ಣಗಾಗ್ಲಿ ಅಂತ."

ನನ್ನ ಮುಳ್ಳು ಕೆಂಪಿನ ಹತ್ತಿರವೂ ಇರಲಿಲ್ಲ. ಹೇಳಲಿಲ್ಲ. ಎಂಜಿನ್ ಓಡಲು ಬಿಟ್ಟು ಇಳಿದೆ. ಇಬ್ಬರೂ ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆವು. ಗಾಳಿ ಇತ್ತು. ಕಾಲು ಉಜ್ಜುತ್ತದಾ ಎಂದು ಕೇಳಿದ. ಈಗ ಇಲ್ಲ ಎಂದೆ. ಅವನು ಎದ್ದು ನನ್ನ ಮುಳ್ಳು ನೋಡಿ ಬಂದು, ಇನ್ನೂ ಸ್ವಲ್ಪ ಇಳಿಯಲಿ ಎಂದು ಮತ್ತೆ ಪಕ್ಕದಲ್ಲಿ ಕೂತ.