ಕುಂಕುಮ ಕೊಡಲು ಬಂದವಳ ಕೈ ಹಿಡಿದವರಿಗೆ

ಸಮುದಾಯ ಮಾನಸಿಕ ಆರೋಗ್ಯ ಸೇವೆಯ ಉಸ್ತುವಾರಿ ಹೊತ್ತ ಮಾನ್ಯರೇ,

ನನ್ನ ಹೆಂಡತಿ ಪಂಕಜಾ ಮತ್ತೆ ನೀರು ಕುಡಿಯುವುದನ್ನು ಬಿಡುತ್ತಿದ್ದಾಳೆ. ನಲ್ಲಿಯಲ್ಲಿ ವಿಷ ಬರುತ್ತಿದೆ ಎಂಬುದು ಅವಳ ನಂಬಿಕೆ. ಮನೆಗೆ ಬಂದು ನೋಡಿ ಎಂದು ನಿಮ್ಮ ಕಚೇರಿಯನ್ನು ಕೇಳಿಕೊಂಡರೆ, ರೋಗಿಯನ್ನೇ ಕರೆತರಬೇಕು ಎನ್ನುತ್ತೀರಿ. ಹೊಸಿಲು ದಾಟಲು ಹೆದರುವುದೇ ಅವಳ ಕಾಯಿಲೆ; ಹೊಸಿಲು ದಾಟಿ ಬಂದರೆ ಮಾತ್ರ ಚಿಕಿತ್ಸೆ. ಇದನ್ನು ಯೋಚಿಸಿದ ಮಹಾನುಭಾವರು ಯಾರು ಸ್ವಾಮಿ? ಅವರಿಗೊಂದು ಹಾರ ಹಾಕಬೇಕು.

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಸಿಟ್ಟು ಯಾವಾಗಲೋ ಖಾಲಿಯಾಯಿತು. ಈಗ ಏನೂ ಅನ್ನಿಸುವುದಿಲ್ಲ. ಅಕ್ಕಿ ತೊಳೆಯುತ್ತೇನೆ, ಕುಕ್ಕರ್ ಇಡುತ್ತೇನೆ, ನಿಮಗೆ ಫೋನ್ ಮಾಡುತ್ತೇನೆ.

ಮೊದಲ ಸಲ ಅವಳು ರೂಮಿನ ಬಾಗಿಲು ಹಾಕಿಕೊಂಡಾಗ ಸಹಾಯವಾಣಿಗೆ ಕರೆ ಮಾಡಿದ್ದೆ. "ಪೇಶೆಂಟ್ ಕೈಗೆ ಫೋನ್ ಕೊಡಿ ಸಾರ್" ಎಂದರು. ಫೋನಿನೊಳಗೆ ಯಾರೋ ಕೂತು ಕೇಳಿಸಿಕೊಳ್ಳುತ್ತಾರೆ ಎಂದೇ ಅವಳು ಬಾಗಿಲು ಹಾಕಿಕೊಂಡಿದ್ದು. ಅದನ್ನೂ ಹೇಳಿದೆ. "ಅವರು ಮಾತಾಡ್ದೆ ನಾವೇನೂ ಮಾಡಕ್ಕಾಗಲ್ಲ." ಆಂಬುಲೆನ್ಸಿನವರು ಪ್ರಜ್ಞೆ ಇದೆಯಾ ಎಂದು ಕೇಳಿದರು. ಇದೆ ಎಂದೆ. "ಹಾಗಾದ್ರೆ ಅವರೇ ಒಪ್ಕೊಂಡು ಹತ್ಬೇಕು." ಪೊಲೀಸರು, ಯಾರಿಗಾದರೂ ಹೊಡೆದಿದ್ದಾರಾ ಎಂದರು. ಪಂಕಜಾ ಜೀವಮಾನದಲ್ಲಿ ಜಿರಲೆಗೂ ಹೊಡೆದವಳಲ್ಲ. ತುರ್ತು ಸೇವೆ ಪಡೆಯಲು ಇಷ್ಟು ಒಳ್ಳೆಯತನ ಅಡ್ಡ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಕೊನೆಗೆ, ಪರಿಚಯದವರೊಬ್ಬರು ಮೇಲಿನವರಿಗೆ ಹೇಳಿಸಿದ ಮೇಲೆ, ನಿಮ್ಮ ತಂಡ ಇಟ್ಟಮಡುವಿನ ನಮ್ಮ ಮನೆಗೆ ಬಂತು. ಒಬ್ಬ ನರ್ಸ್, ಹಿಂದೆ ಇಬ್ಬರು ಗಂಡಸರು. ಆ ಹೆಣ್ಣುಮಗಳು ಹಾಲ್‌ನಲ್ಲಿ ಕೂತು, "ಆಂಟಿ, ನಿಮ್ಮನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದರು. ನಾನು ಎಷ್ಟು ಅಂಗಲಾಚಿದರೂ ತೆರೆಯದ ಬಾಗಿಲು ತೆರೆಯಿತು. ಏಕೆ ಗೊತ್ತೇ? ಮನೆಗೆ ಬಂದ ಮುತ್ತೈದೆಯನ್ನು ಅರಿಶಿನ-ಕುಂಕುಮ ಕೊಡದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಅಷ್ಟು ಭಯದಲ್ಲೂ ಪಂಕಜಾಗೆ ಅದು ಮರೆತಿರಲಿಲ್ಲ. ಕೂದಲು ಕೆದರಿತ್ತು, ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನೆಟ್ಟಗೆ ದೇವರ ಮನೆಗೆ ಹೋಗಿ ಬಟ್ಟಲು ತಂದು, "ತಗೊಳ್ಳಮ್ಮ" ಎಂದು ಕೈ ಚಾಚಿದಳು.

ಚಾಚಿದ ಆ ಕೈಯನ್ನೇ ನಿಮ್ಮವರು ಹಿಡಿದರು. ನೆಲವೆಲ್ಲ ಕುಂಕುಮ. "ರೀ, ಹೇಳ್ರೀ ಇವರಿಗೆ!" ಎಂದು ನನ್ನ ಕಡೆ ನೋಡಿ ಕೂಗಿದಳು. "ಸಾರ್, ಸಹಕರಿಸಿ" ಎಂದರು ಅವರು. ನಾನು ಸಹಕರಿಸಿದೆ.

ಅವಳ ಜೀವ ಉಳಿಯಿತು, ಇಲ್ಲ ಎನ್ನುವುದಿಲ್ಲ. ಡ್ರಿಪ್ ಹಾಕಿದರು, ಇಂಜೆಕ್ಷನ್ ಕೊಟ್ಟರು, ಸುಧಾರಿಸಿದ್ದಾರೆ ಎಂದು ಮನೆಗೆ ಕಳಿಸಿದರು. ತಿಂಗಳಿಗೊಮ್ಮೆ ಇಂಜೆಕ್ಷನ್‌ಗೆ ಕರೆತನ್ನಿ ಎಂದರು. ಯಾರನ್ನು ಕರೆತರಲಿ? ಎದುರುಮನೆಯ ಭಾಗ್ಯಜ್ಯೋತಿ ವರಮಹಾಲಕ್ಷ್ಮಿ ಹಬ್ಬಕ್ಕೆ ಕರೆಯಲು ಬಂದರೆ ಇವಳು ಮಂಚದ ಕೆಳಗೆ ಸೇರಿಕೊಂಡಳು. ಇಂಜೆಕ್ಷನ್ ತಪ್ಪಿತು. 'ಕುಟುಂಬ ಸಹಕರಿಸುತ್ತಿಲ್ಲ' ಎಂದು ಬರೆದು ನೀವು ಹೆಸರು ಹೊಡೆದುಹಾಕಿದಿರಿ. ನಿಮ್ಮ ಬೋರ್ಡಿನಲ್ಲಿ 'ಸಮುದಾಯ' ಎಂಬ ಪದ ದೊಡ್ಡದಾಗಿದೆ. ಆ ಸಮುದಾಯ ವಾಸ ಮಾಡುವುದು ನಿಮ್ಮ ಕಾರಿಡಾರಿನಲ್ಲೋ, ಮನೆಗಳಲ್ಲೋ?

ನಾನು ಕೇಳುವುದು ಇಷ್ಟೇ. ಒಬ್ಬ ಹೆಣ್ಣು ಡಾಕ್ಟರನ್ನೋ ನರ್ಸನ್ನೋ ಮನೆಗೆ ಕಳಿಸಿ. ಬಂದು, ಕಾಫಿ ಕುಡಿದು, ಅವಳ ಮೈ ಮುಟ್ಟದೆ ಹೋಗಲಿ. ಎರಡನೇ ಸಲವೂ ಹಾಗೇ. ಸೂಜಿ ಆಮೇಲೆ. ಈ ವಾರವೇ ಕಳಿಸಿ. ನಿನ್ನೆಯಿಂದ ಗಂಜಿಯನ್ನೂ ಬೇಡ ಅನ್ನುತ್ತಿದ್ದಾಳೆ.

ಕಾಲಿಂಗ್ ಬೆಲ್ ಆದಾಗಲೆಲ್ಲ ಒಳಗಿನಿಂದ "ಅವ್ರೇನಾ?" ಎಂದು ಕೇಳುತ್ತಾಳೆ. ಪೇಪರಿನವನೋ ಕೊರಿಯರಿನವನೋ ಇರುತ್ತಾನೆ. "ಅಲ್ಲ ಕಣೇ, ಅವರ್ಯಾರೂ ಬರಲ್ಲ" ಅನ್ನುತ್ತೇನೆ. ಅವಳಿಗೆ ನೆಮ್ಮದಿಯಾಗುತ್ತದೆ, ಹಾಗೇ ಮಲಗುತ್ತಾಳೆ. ನಾನು ನೀರಿನ ಲೋಟ ಹಿಡಿದು ಪಕ್ಕದಲ್ಲಿ ಕೂತಿರುತ್ತೇನೆ.

ಇಂತಿ,
ಒಮ್ಮೆ ಸಹಕರಿಸಿ ಹೆಂಡತಿಯ ನಂಬಿಕೆ ಕಳೆದುಕೊಂಡ,
ನಿಮ್ಮ ಕಡತದ ಪ್ರಕಾರ ಸಹಕರಿಸದ,
ಬದರಿನಾಥ
ಇಟ್ಟಮಡು, ಬೆಂಗಳೂರು