ಎರಡು ನೂಲು

ಫೆಬ್ರವರಿ 6, ಗುರುವಾರ, ಸಂಜೆ

ಕಾಲೇಜು ಮುಗಿಸಿ ನೇರ ನಮ್ಮ ಹೊಸ ಮರದ ಮನೆಯ ಸೈಟಿಗೆ. ಇವತ್ತು ನಾಲ್ಕು ತೊಲೆ, ನಾಳೆ ಇನ್ನೆರಡು. ಕಂಬದ ತೂತಿಗೆ ಕೂರುವ ಹಾಗೆ ತೊಲೆಯ ತುದಿ ಸಣ್ಣ ಮಾಡಬೇಕು — ಮರದ ಮನೆಯ ಜೀವವೇ ಅಲ್ಲಿದೆ ಅಂತ ಯೂಟ್ಯೂಬ್ ವಿಡಿಯೋದವನು ಹೇಳಿದ್ದ. ದಸ್ತಗೀರ್ ಮೇಸ್ತ್ರಿ ಗೆರೆ ಹಾಕಿಕೊಟ್ಟು ಮಗಳ ಊರಿಗೆ ಹೋಗಿದ್ದಾರೆ. "ಗೆರೆಯಿಂದ ಎರಡ್ ನೂಲು ಬಿಟ್ಟು ಕೊಯ್ರಿ ಸಾರ್. ಮಿಕ್ಕಿದ್ದು ನಾನ್ ಬಂದು ಉಳೀಲಿ ಕೆತ್ತಿ ಕೂರಿಸ್ತೀನಿ."

ನೂಲು ಅಂದರೆ ದಾರದಷ್ಟು ತಾನೇ? ಕೇಳಲಿಲ್ಲ. ಹದಿನೆಂಟು ವರ್ಷದಿಂದ ಸೋಲದೇವನಹಳ್ಳಿಯಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸುವವನು, ಅಳತೆಯನ್ನು ಮೇಸ್ತ್ರಿಯ ಹತ್ತಿರ ಕೇಳುವುದೇ...

ಫೆಬ್ರವರಿ 9, ಭಾನುವಾರ

ಕಂಬ ನಿಲ್ಲಿಸುವ ಪೂಜೆ. ಹೆಂಡತಿ ಮೋನಿಷಾಳ ತವರಿನವರೆಲ್ಲ ಬಂದಿದ್ದರು, ಪಕ್ಕದ ತೋಟದ ಲಕ್ಕಣ್ಣನೂ. ದಸ್ತಗೀರ್ ಊರಿಂದ ಬಂದು ಇಳಿದದ್ದೇ ಆಗ. ಮೊದಲ ತೊಲೆ ಕೂರಿಸಿದೆವು. ಲೊಡಲೊಡ. ಎರಡನೆಯದೂ ಅಷ್ಟೇ.

"ಏನ್ರೀ ಇದು, ಅಲ್ಲಾಡ್ತಿದೆ?" ಅಂದಳು ಮೋನಿಷಾ. ಮಾವ ಕನ್ನಡಕ ಸರಿಮಾಡಿಕೊಂಡರು.

"ಮೇಸ್ತ್ರಿ ಹೇಳಿದ ಅಳತೆ" ಅಂದುಬಿಟ್ಟೆ.

ದಸ್ತಗೀರ್ ತೊಲೆಯ ತುದಿ ಸವರಿ ನೋಡಿದರು. "ಹೌದಮ್ಮ, ನಾನೇ ಹೇಳಿದ್ದು" ಅಂದರು. ಊಟಕ್ಕೆ ನಿಲ್ಲಲಿಲ್ಲ.

ಫೆಬ್ರವರಿ 11, ಮಂಗಳವಾರ

ಹೆಸರಘಟ್ಟದ ಹಾರ್ಡ್‌ವೇರ್ ಅಂಗಡಿ. ಬೋಲ್ಟ್ ಕೇಳಿದೆ.

"ಎಷ್ಟ್ ನೂಲಿಂದು ಸಾರ್?" ಅಂದ ಅಂಗಡಿಯ ಮುನಿಆಂಜಿನಪ್ಪ. ನಾನು ಪಿಳಿಪಿಳಿ. "ನೂಲು ಸಾರ್! ಒಂದಿಂಚಿಗೆ ಎಂಟು ನೂಲು. ನೀವು ಮೇಷ್ಟ್ರಲ್ವಾ?"

ಎರಡು ನೂಲು — ಕಾಲು ಇಂಚು. ನಾನು ಬಿಟ್ಟದ್ದು ದಾರದಷ್ಟು, ಅದನ್ನೂ ಗರಗಸ ತಿಂದಿತ್ತು. ಹನ್ನೆರಡು ತುದಿಯೂ ಹಾಗೇ. ಬೋಲ್ಟ್ ತೆಗೆದುಕೊಳ್ಳದೆ ಬಂದೆ. ನಾಚಿಕೆಯಿಂದ ಊಟ ಸೇರಲಿಲ್ಲ.

ಫೆಬ್ರವರಿ 22, ಶನಿವಾರ

ಸೈಟಿಗೆ ಹೋಗದೆ ಹನ್ನೊಂದು ದಿನ. ಮೋನಿಷಾಗೆ ಬೆನ್ನು ನೋವು ಅಂತ ಸುಳ್ಳು.

ಇವತ್ತು ಮಾಕಳಿಗೆ, ದಸ್ತಗೀರ್ ಮನೆಗೆ. ಅವರ ಹೆಂಡತಿ ರೆಹಾನಾ ಚಹಾ ಇಟ್ಟು ಒಳಗೆ ಹೋದರು. ಮೇಸ್ತ್ರಿ ಕೆಲಸವಿಲ್ಲದೆ ಕೂತಿದ್ದರು. ಲಕ್ಕಣ್ಣ ತನ್ನ ಹೊಸ ಮನೆಯ ಬಾಗಿಲು ಕಿಟಕಿ ಇವರಿಗೇ ಒಪ್ಪಿಸಿದ್ದನಂತೆ. ಪೂಜೆಯ ಮಾರನೇ ದಿನ ಬೇಡ ಅಂದನಂತೆ. ಅಳತೆ ತಪ್ಪುವವನು ಅಂತ ಊರೆಲ್ಲ ಹೇಳಿದ್ದಾನೆ.

ತಪ್ಪು ನನ್ನದು ಅಂತ ಒಪ್ಪಿಕೊಂಡೆ.

"ಅವತ್ತೇ ಗೊತ್ತಾಯ್ತು ಸಾರ್. ನಿಮ್ ಮಾವನವರ ಮುಂದೆ ನಿಮ್ಮನ್ನ ಹೆಂಗೆ ಸುಳ್ಳು ಮಾಡ್ಲಿ? ಸುಮ್ನಾದೆ. ಲಕ್ಕಣ್ಣಂಗೆ ಮಾತ್ರ ಒಂದ್ ಮಾತು ಹೇಳ್ಬಿಡಿ, ಸಾಕು."

ಹೇಳ್ತೀನಿ ಅಂದೆ. ಕೈ ಹಿಡಿದು ಅಂದೆ.

ಮಾರ್ಚ್ 1, ಶನಿವಾರ

ಹನ್ನೆರಡಕ್ಕೂ ಮೇಸ್ತ್ರಿ ಬೆಣೆ ಹೊಡೆದು ಬಿಗಿ ಮಾಡಿಕೊಟ್ಟರು. ಐದು ದಿನದ ಕೆಲಸ. ಐದೂ ದಿನ ಲಕ್ಕಣ್ಣನ ತೋಟದ ಮುಂದೆಯೇ ಹೋದೆ, ಬಂದೆ. ಬೈಕ್ ನಿಲ್ಲಿಸಲಿಲ್ಲ.

ಇವತ್ತು ಅವನೇ ಬಂದ. ಕಂಬ ತಳ್ಳಿ ನೋಡಿದ. "ಮೇಸ್ತ್ರಿ ತನ್ ತಪ್ಪು ತಾನೇ ತಿದ್ದವ್ನೆ ಅನ್ನಿ. ಅಲ್ವಾ ಮೇಷ್ಟ್ರೇ?"

ದಸ್ತಗೀರ್ ಅಲ್ಲೇ ಉಳಿ ಒರೆಸುತ್ತಿದ್ದರು. ಕೈ ನಿಂತಿತು.

ತಲೆ ಆಡಿಸಿಬಿಟ್ಟೆ. ಹೌದು ಅನ್ನುವ ಹಾಗೆ.

ಉಳಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಬರ್ತೀನಿ ಅನ್ನಲಿಲ್ಲ. ಗೇಟಿನವರೆಗೆ ಹಿಂದೆ ಹೋದೆ. ಮೇಸ್ತ್ರಿ, ಅಂದೆ. ಅವರು ತಿರುಗಿ ನಿಂತರು, ಕಾದರು. ಲಕ್ಕಣ್ಣ ಇನ್ನೂ ಅಲ್ಲೇ ಇದ್ದ. ಒಂದು ಮಾತು ಸಾಕಿತ್ತು. ನಾನು ಗೇಟು ತೆಗೆದುಕೊಟ್ಟೆ, ಅಷ್ಟೇ.